“ಒಬ್ಬನ ಯಾಕ ನಗಾಕತ್ತಿಯಪಾ?”

ಮಸ್ಕಿಯಲ್ಲಿ ಬಸ್ ಹತ್ತಿದ ಅಜ್ಜಿ ನನ್ನ ಪಕ್ಕದಲ್ಲೇ ಕೂತರು. ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಕೇಳಿಯೇಬಿಟ್ಟರು: “ಒಬ್ಬನ ಯಾಕ ನಗಾಕತ್ತಿಯಪಾ? ಆರಾಮ ಅದಿಯಿಲ್ಲ?”

ಕಿವಿಯಲ್ಲಿದ್ದ ಇಯರ್‌ಫೋನ್ ತೋರಿಸಿದೆ. ಆದರೆ ಏನು ಕೇಳ್ತಿದ್ದೆ ಅಂತ ಹೇಳೋದು ಹೇಗೆ?

ನನ್ನ ಮನೆ ಸಿಂಧನೂರು, ಕೆಲಸ ಲಿಂಗಸುಗೂರು. ದಿನಾ ಬಸ್ಸಿನಲ್ಲೇ ಹೋಗಿ ಬರೋದು. ರೀಲ್ಸ್ ನೋಡಿ ನೋಡಿ ಬೇಜಾರಾಗಿದ್ದಾಗ ಸಿಕ್ಕಿದ್ದು ‘ದಿ ಅಡ್ವೆಂಚರ್ ಜೋನ್’ ಅನ್ನೋ ಇಂಗ್ಲಿಷ್ ಪಾಡ್‌ಕಾಸ್ಟ್. ಅದರಲ್ಲಿ ಒಂದು ಕುಟುಂಬ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತೆ, ನಾವು ಕೇಳಿಸಿಕೊಳ್ಳೋದು. ಅಷ್ಟೇ!

ಈ ಆಟ ಹುಟ್ಟಿದ್ದು 1974ರಲ್ಲಿ, ಅಮೆರಿಕದಲ್ಲಿ. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರದು ಒಂದೊಂದು ಪಾತ್ರ. “ನಾನು ಬಾಗಿಲು ಒದೀತೀನಿ” ಅಂದರೆ ಸಾಲದು, 20 ಮುಖದ ದಾಳ ಉರುಳಿಸಬೇಕು. ದೊಡ್ಡ ಸಂಖ್ಯೆ ಬಿದ್ದರೆ ಬಾಗಿಲು ಮುರಿಯುತ್ತೆ. ಒಂದು ಬಿದ್ದರೆ ಕಾಲೇ ಮುರಿಯಬಹುದು!

ಪಾಡ್‌ಕಾಸ್ಟ್ ಶುರುವಾಗಿದ್ದು 2014ರಲ್ಲಿ. ಜಸ್ಟಿನ್, ಟ್ರಾವಿಸ್, ಗ್ರಿಫಿನ್ ಮೆಕೆಲ್ರಾಯ್ ಅನ್ನೋ ಮೂವರು ಅಣ್ಣತಮ್ಮಂದಿರು, ಜೊತೆಗೆ ಅವರಪ್ಪ ಕ್ಲಿಂಟ್. ಮಗು ಹುಟ್ಟಿತೆಂದು ಜಸ್ಟಿನ್ ರಜೆ ಹಾಕಿದ್ದಾಗ, ಅವರ ಇನ್ನೊಂದು ಕಾರ್ಯಕ್ರಮದ ಖಾಲಿ ಜಾಗ ತುಂಬಲು ಈ ಆಟದ ಒಂದು ಕಂತು ಹಾಕಿದ್ದರು. ಅದರಿಂದ ಬೆಳೆದ ಮೊದಲ ಕಥೆ 2017ರವರೆಗೂ ನಡೆಯಿತು. ಕಥೆ ನಡೆಸಿದ್ದು ಕಿರಿಯ ಮಗ ಗ್ರಿಫಿನ್. ರೇಡಿಯೋದಲ್ಲಿ ಕೆಲಸ ಮಾಡಿದ್ದ ಅಪ್ಪನಿಗೆ ಕುಳ್ಳ ಪುರೋಹಿತನ ಪಾತ್ರ!

ಇದರಲ್ಲಿ ನಗು ಎಲ್ಲಿಂದ ಬರುತ್ತೆ? ಮಾತು ಬರೆದಿಟ್ಟಿಲ್ಲ, ದಾಳ ಯಾರ ಕೈಲೂ ಇಲ್ಲ. ಅರ್ಧ ಗಂಟೆ ಪ್ಲಾನ್ ಮಾಡಿರ್ತಾರೆ, ದಾಳ ಕೈಕೊಡುತ್ತೆ. ಆಗ ಯಾರೂ ಯಾರನ್ನೂ ಬೈಯಲ್ಲ, ಆ ಎಡವಟ್ಟಿನಿಂದಲೇ ಕಥೆ ಮುಂದಕ್ಕೆ ಹೋಗುತ್ತೆ. ದಿನವಿಡೀ ಟಾರ್ಗೆಟ್ ಯಾಕೆ ತಪ್ಪಿತು ಅಂತ ವಿವರಣೆ ಕೊಟ್ಟು ಬಂದ ನನ್ನಂಥವನಿಗೆ ಅದೇ ದೊಡ್ಡ ಸಮಾಧಾನ.

ಅಪ್ಪನಿಗೆ ಇದನ್ನೆಲ್ಲ ಹೇಳಿದೆ. “ಕಥಿ ನಡಸಾಂವ ಅಂದ್ರ ನಮ್ಮ ಸಾರಥಿ ಅಲ್ಲೇನಲೇ?” ಅಂದರು. ದೊಡ್ಡಾಟದಲ್ಲಿ ರಂಗಕ್ಕೆ ಬಂದ ಪಾತ್ರವನ್ನು ‘ತಾವು ಯಾರು’ ಅಂತ ಮಾತಾಡಿಸೋನು ಸಾರಥಿ. ನಗಿಸೋನೂ ಅವನೇ. ವಯಸ್ಸಿನಲ್ಲಿ ಅಪ್ಪ ಆ ಪಾತ್ರ ಮಾಡಿದ್ದರಂತೆ. “ಒಮ್ಮೆ ರಾಜನ ಕಿರೀಟ ಬಿತ್ತು. ‘ರಾಜ್ಯ ಹೋಗೂಕಿಂತ ಮದ್ಲ ಕಿರೀಟನ ಹೋತಲ್ರಿ ಪ್ರಭು’ ಅಂದೆ. ಮಂದಿ ಬಿದ್ದು ಬಿದ್ದು ನಕ್ಕರು.” ಇಷ್ಟು ವರ್ಷದಲ್ಲಿ ಅಪ್ಪ ಇದನ್ನು ನನಗೆ ಹೇಳಿರಲೇ ಇಲ್ಲ. ನಾನೂ ಕೇಳಿರಲಿಲ್ಲ.

ಇನ್ನೊಂದು ವಿಷಯ ಅಜ್ಜಿಗೂ ಹೇಳಿರಲಿಲ್ಲ, ನಿಮಗೆ ಹೇಳ್ತೀನಿ. ಹೊಲ ಪಾಲಾದ ಮೇಲೆ ಅಣ್ಣನೂ ನಾನೂ ಎರಡು ವರ್ಷ ಸರಿಯಾಗಿ ಮಾತಾಡಿರಲಿಲ್ಲ. ಆ ಮೂವರು ಒಬ್ಬರ ಕಾಲು ಒಬ್ಬರು ಎಳೆದು ನಗೋದು ಕೇಳುವಾಗ ನಗುವಿನ ಜೊತೆ ಹೊಟ್ಟೆಕಿಚ್ಚೂ ಆಗ್ತಿತ್ತು.

ಪಂಚಮಿಗೆ ಅಣ್ಣ ಮನೆಗೆ ಬಂದಿದ್ದ. ಊಟವಾದ ಮೇಲೆ ಅಪ್ಪ ಚೌಕಾಬಾರಾದ ನಾಲ್ಕು ಕವಡೆ ತಂದು ನಮ್ಮಿಬ್ಬರ ನಡುವೆ ಇಟ್ಟರು. “ಬಾರಾ ಬಿದ್ರ ಗೆದ್ದಂಗ, ಒಂದು ಬಿದ್ರ ಕೆಟ್ಟಂಗ. ನಾನು ಸಾರಥಿ.” ಅಣ್ಣ ಮುದಗಲ್ ಕೋಟೆಯ ಕಾವಲುಗಾರ. ನಾನು ಕಳ್ಳ.

ನನ್ನನ್ನು ಹಿಡಿಯಲು ಅಣ್ಣ ಕವಡೆ ಎಸೆದ. ಒಂದು!

“ಕಾವಲುಗಾರ ತನ್ನ ಧೋತರ ತಾನ ತುಳದು ಬಿದ್ದಾನ” ಅಂದರು ಅಪ್ಪ. ಅಣ್ಣ ಬಿಗಿಹಿಡಿದ ನಗು ತಡೆಯಲಾಗದೆ, ನನ್ನ ಕಡೆ ಕೈ ಚಾಚಿ ಅಂದ: “ಕಳ್ಳ ಆದ್ರೂ ತಮ್ಮ ಅದಿ. ಎಬ್ಬಸಲೇ.”

ಹೊಲದ ಮಾತು ಇನ್ನೂ ಬಗೆಹರಿದಿಲ್ಲ. ಆದರೆ ಭಾನುವಾರ ರಾತ್ರಿ ವಿಡಿಯೋ ಕಾಲ್‌ನಲ್ಲಿ ಕವಡೆ ಬೀಳುತ್ತವೆ.

ನೀವೂ ಕೇಳೋದಾದರೆ ಮೊದಲ ಕಥೆಯಿಂದಲೇ ಶುರು ಮಾಡಿ. ಮಾತು ಬಲು ವೇಗ, ಸ್ಪೀಡ್ ಕಡಿಮೆ ಇಟ್ಟುಕೊಳ್ಳಿ. ಬಸ್ಸಿನಲ್ಲಿ ಯಾರಾದರೂ ಯಾಕೆ ನಗ್ತೀರಿ ಅಂತ ಕೇಳಿದರೆ, ಒಂದು ಇಯರ್‌ಫೋನ್ ತೆಗೆದು ಮಾತಾಡಿಸಿ. ಅವರ ಹತ್ರಾನೂ ಒಂದು ಕಥೆ ಇರಬಹುದು.