ತೊಳೆಯದ ತಟ್ಟೆಯಲ್ಲಿ ಮಾಹಿತಿ ಬಡಿಸಿದರೆ...

ಮಧ್ಯಾಹ್ನದ ಊಟಕ್ಕೆ ಮುನ್ನೂರು ಜನ ಬರುತ್ತಾರೆಂದು ಹೋಟೆಲಿನವರು ಮುನ್ನೂರು ತಟ್ಟೆ ಕೊಳ್ಳುವುದಿಲ್ಲ. ಎಂಬತ್ತು ತಟ್ಟೆಗಳಲ್ಲೇ ನಿಭಾಯಿಸುತ್ತಾರೆ. ಬಡಿಸುವವರು, ಉಣ್ಣುವವರು, ತೊಳೆಯುವವರು ಹೀಗೆ ತಟ್ಟೆ ಕೈಯಿಂದ ಕೈಗೆ ಸುತ್ತುತ್ತಿರುತ್ತದೆ. ಕಂಪ್ಯೂಟರ್ ಜಾಲದ ಒಳಗೂ ಹೆಚ್ಚುಕಡಿಮೆ ಇದೇ ಏರ್ಪಾಡು ಇದೆ.

ಜಾಲದಲ್ಲಿ ಸಂದೇಶ ಇಡಿಯಾಗಿ ಹರಿಯುವುದಿಲ್ಲ. 'ಪ್ಯಾಕೆಟ್' ಎಂಬ ಪುಟ್ಟ ಪೊಟ್ಟಣಗಳಾಗಿ ಹರಿಯುತ್ತದೆ. ಸಾಮಾನ್ಯ ಈಥರ್ನೆಟ್ ಜಾಲದಲ್ಲಿ ಒಂದು ಪೊಟ್ಟಣ 64 ಬೈಟ್‌ಗಿಂತ ಚಿಕ್ಕದಿರಬಾರದು, 1518 ಬೈಟ್‌ಗಿಂತ ದೊಡ್ಡದಿರಬಾರದು. ಬಂದ ಪೊಟ್ಟಣವನ್ನು ಮೆಮೊರಿಯಲ್ಲಿ ತಾತ್ಕಾಲಿಕವಾಗಿ ಇರಿಸುವ ಜಾಗವೇ 'ಬಫರ್'. ಜಾಲದ ಕಾರ್ಡನ್ನು ನಡೆಸುವ ತಂತ್ರಾಂಶಕ್ಕೆ 'ಡಿವೈಸ್ ಡ್ರೈವರ್' ಎಂದು ಹೆಸರು.

ಸಮಯ ಎಷ್ಟಿದೆ?

ಪ್ರತಿ ಪೊಟ್ಟಣಕ್ಕೂ ಹೊಸ ಬಫರ್ ಕೊಟ್ಟರಾಗದೇ? ಒಂದು ಲೆಕ್ಕ ಮಾಡಿ ನೋಡೋಣ. 64 ಬೈಟ್‌ಗಳ ಪೊಟ್ಟಣಕ್ಕೆ ಮುನ್ಸೂಚನೆಯ 8 ಬೈಟ್, ಎರಡು ಪೊಟ್ಟಣಗಳ ನಡುವಿನ ಬಿಡುವಿನ 12 ಬೈಟ್ ಸೇರಿದರೆ 84 ಬೈಟ್, ಅಂದರೆ 672 ಬಿಟ್. ಸೆಕೆಂಡಿಗೆ 10 ಗಿಗಾಬಿಟ್ ಹರಿಯುವ ಜಾಲದಲ್ಲಿ ಇಂಥ ಸುಮಾರು 1 ಕೋಟಿ 48 ಲಕ್ಷ ಪೊಟ್ಟಣಗಳು ಬರಬಲ್ಲವು. ಒಂದೊಂದಕ್ಕೆ ಸಿಗುವ ಕಾಲ 67 ನ್ಯಾನೊಸೆಕೆಂಡ್ ಮಾತ್ರ! ಇಷ್ಟರಲ್ಲಿ ಹೊಸ ಜಾಗ ಹುಡುಕಿ, ಮಾಹಿತಿಯನ್ನು ನಕಲು ಮಾಡಿ, ಜಾಗವನ್ನು ಮತ್ತೆ ಹಿಂತಿರುಗಿಸುವುದು ಕಷ್ಟ.

ಇಟಲಿಯ ಪೀಸಾ ವಿಶ್ವವಿದ್ಯಾಲಯದ ಲೂಯಿಜಿ ರಿಜ್ಜೊ 2012ರಲ್ಲಿ 'ನೆಟ್‌ಮ್ಯಾಪ್' ಎಂಬ ವ್ಯವಸ್ಥೆಯನ್ನು ವಿವರಿಸಿದರು. ಇದರಲ್ಲಿ 2048 ಬೈಟ್‌ಗಳ ಒಂದೇ ಅಳತೆಯ ಬಫರ್‌ಗಳನ್ನು ಮೊದಲೇ ಸಿದ್ಧಮಾಡಿ, ಬಳೆಯಂತೆ ಸಾಲಾಗಿ ಜೋಡಿಸಿರುತ್ತಾರೆ. ಕಾರ್ಡು, ಡ್ರೈವರ್, ಬಳಕೆದಾರನ ಪ್ರೋಗ್ರಾಂ ಮೂರೂ ಅವನ್ನೇ ಹಂಚಿಕೊಳ್ಳುತ್ತವೆ. ನಕಲು ಮಾಡುವ ಕೆಲಸವೇ ಇಲ್ಲ. 900 ಮೆಗಾಹರ್ಟ್ಸ್ ವೇಗದ ಒಂದೇ ಪ್ರೊಸೆಸರ್ ಕೋರ್ ಮೇಲೆ ಹೇಳಿದ ಅಷ್ಟೂ ಪೊಟ್ಟಣಗಳನ್ನು ನಿಭಾಯಿಸಿತು.

ಈಗ ಇದು ಯಾರದು?

ಹಂಚಿಕೆಯಲ್ಲಿ ಅಪಾಯವೂ ಇದೆ. ಕಾರ್ಡು ಪ್ರೊಸೆಸರನ್ನು ಕೇಳದೆ ನೇರವಾಗಿ ಮೆಮೊರಿಯಲ್ಲಿ ಬರೆಯುತ್ತದೆ. ಅದರ ಕೆಲಸ ಮುಗಿಯುವ ಮೊದಲೇ ಆ ಬಫರನ್ನು ಬೇರೆ ಕೆಲಸಕ್ಕೆ ಕೊಟ್ಟರೆ ಹೊಸ ಮಾಹಿತಿ ಕೆಡುತ್ತದೆ. ಆದ್ದರಿಂದ ಯಾವ ಬಫರ್ ಯಾವ ಕ್ಷಣದಲ್ಲಿ ಯಾರ ವಶದಲ್ಲಿದೆ ಎಂಬುದು ಸ್ಪಷ್ಟವಾಗಿರಬೇಕು. ಒಂದೇ ಪೊಟ್ಟಣವನ್ನು ಇಬ್ಬರು ಬಳಸುವಾಗ ಲಿನಕ್ಸ್ ಒಂದು ಎಣಿಕೆ ಇಡುತ್ತದೆ. ಎಣಿಕೆ ಸೊನ್ನೆಯಾದ ಮೇಲಷ್ಟೇ ಜಾಗ ಬಿಡುಗಡೆ.

ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮ. ಈಥರ್ನೆಟ್ ಪೊಟ್ಟಣದಲ್ಲಿ ಮಾಹಿತಿಯ ಭಾಗ 46 ಬೈಟ್‌ಗಾದರೂ ತುಂಬಬೇಕು. ಸಂದೇಶ 29 ಬೈಟ್ ಇದ್ದರೆ ಉಳಿದ 17 ಬೈಟ್‌ಗಳಲ್ಲಿ ಸೊನ್ನೆ ಬರೆಯಬೇಕು. ಹಲವು ಡ್ರೈವರ್‌ಗಳು ಇದನ್ನು ಮಾಡುತ್ತಿರಲಿಲ್ಲ ಎಂದು 2003ರ ಜನವರಿಯಲ್ಲಿ ಓಫಿರ್ ಆರ್ಕಿನ್ ಮತ್ತು ಜಾಷ್ ಆಂಡರ್ಸನ್ ಬಯಲಿಗೆಳೆದರು. ಆ 17 ಬೈಟ್‌ಗಳಲ್ಲಿ ಹಿಂದಿನ ಪೊಟ್ಟಣದ ಚೂರುಗಳು ಅಥವಾ ಮೆಮೊರಿಯಲ್ಲಿದ್ದ ಬೇರೆ ಮಾಹಿತಿ ಹಾಗೇ ಹೊರಗೆ ಹೋಗುತ್ತಿತ್ತು. ಅದೇ ಜಾಲದಲ್ಲಿದ್ದವರು ಪುಟ್ಟದೊಂದು ವಿಚಾರಣೆ ಕಳಿಸಿ, ಬಂದ ಉತ್ತರದ ಬಾಲವನ್ನು ಓದಿದರೆ ಸಾಕಿತ್ತು. ಈ ದೋಷಕ್ಕೆ 'ಈಥರ್‌ಲೀಕ್' ಎಂದು ಹೆಸರಾಯಿತು.

ಪರಿಹಾರ ಸುಲಭವೇ. ಬಫರನ್ನೆಲ್ಲ ತೊಳೆದು ಸಮಯ ಕಳೆಯಬೇಕಿಲ್ಲ. ಹೊರಗೆ ಹೋಗುವ ಆ ಕೆಲವು ಬೈಟ್‌ಗಳಿಗೆ ಸೊನ್ನೆ ತುಂಬಿದರೆ ಸಾಕು. ವೇಗವೂ ಉಳಿಯುತ್ತದೆ, ಗುಟ್ಟೂ ಉಳಿಯುತ್ತದೆ.

ಕಂಪ್ಯೂಟರ್ ಕಲಿಯುವ ಮಕ್ಕಳು ಭಾಷೆಯ ವ್ಯಾಕರಣ ಕಲಿತರಷ್ಟೇ ಸಾಲದು. ಮೆಮೊರಿಯಲ್ಲಿ ಜಾಗ ಪಡೆದಾಗಲೆಲ್ಲ ಮೂರು ಪ್ರಶ್ನೆ ಕೇಳಿಕೊಳ್ಳಲಿ: ಈಗ ಇದು ಯಾರದು? ಹಿಂತಿರುಗಿಸುವವರು ಯಾರು? ಮೊದಲಿದ್ದದ್ದು ಏನಾದರೂ ಉಳಿದಿದೆಯೇ? ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಬೀಕರ್ ಮುಟ್ಟುವ ಮುನ್ನ ಕೇಳುವುದೂ ಇವನ್ನೇ ಅಲ್ಲವೇ?