ಅಜ್ಜನ ಕಾಲದ ಡಿಕ್ರಿ ಎಲ್ಲಿದೆ?

ಮೂಡಿಗೆರೆ, ಕಳಸ ಸೀಮೆಯ ಹಳೆಯ ತೋಟದ ಮನೆಗಳಲ್ಲಿ ಆಸ್ತಿಯ ವಿಚಾರ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ‘ಅಜ್ಜನ ಕಾಲದಲ್ಲೇ ಕೋರ್ಟಿನಲ್ಲಿ ಪಾಲಾಗಿದೆ.’ ಯಾವ ಕೋರ್ಟು, ಯಾವ ಇಸವಿ, ಕೇಸ್ ನಂಬರ್ ಎಷ್ಟು ಎಂದು ಕೇಳಿದರೆ ಹೇಳುವವರು ಸಿಗುವುದಿಲ್ಲ. ಅಂದಿನ ವಕೀಲರು ಈಗಿಲ್ಲ. ಪಾಲು ಹಂಚಿಕೊಂಡ ಅಣ್ಣತಮ್ಮಂದಿರೂ ಉಳಿದಿಲ್ಲ. ಕೈಯಲ್ಲಿರುವುದು ಪಹಣಿಯೊಂದೇ. ಸಾಲ ಕೊಡುವ ಬ್ಯಾಂಕಿನವರು, ತೋಟ ಕೊಳ್ಳಲು ಬಂದವರು, ಗಡಿ ತಕರಾರು ತೆಗೆದ ಪಕ್ಕದ ತೋಟದವರು, ಎಲ್ಲರೂ ಕೇಳುವುದು ಆ ಡಿಕ್ರಿಯನ್ನೇ.

ಆ ಡಿಕ್ರಿಯನ್ನು ಹುಡುಕಲು ಒಂದು ದಾರಿ ಇದೆ. ಪ್ರತಿ ಸಿವಿಲ್ ನ್ಯಾಯಾಲಯಕ್ಕೂ ಇತ್ಯರ್ಥವಾದ ಕಡತಗಳನ್ನು ಇಡುವ ವ್ಯವಸ್ಥೆ ಇರುತ್ತದೆ. ಅದರ ಜೊತೆಗೇ ನಕಲು ಶಾಖೆಯೂ ಇರುತ್ತದೆ. ವಾದ, ಪಾಟೀಸವಾಲು ನಡೆಯುವ ಕೋರ್ಟ್ ಹಾಲ್ ಎಲ್ಲರಿಗೂ ಗೊತ್ತು. ದಾಖಲೆ ಕೊಠಡಿ, ನಕಲು ಶಾಖೆಗಳ ಪರಿಚಯ ವಕೀಲರ ಗುಮಾಸ್ತರಿಗೆ ಬಿಟ್ಟರೆ ಹೊರಗಿನವರಿಗೆ ಕಡಿಮೆ. ಕಾಫಿ ಸೀಮೆಯ ನೆಲದ ಚರಿತ್ರೆ ಬಹುಮಟ್ಟಿಗೆ ಇಲ್ಲಿಯೇ ಇದೆ.

ಯಾವ ಕೋರ್ಟಿನ ಬಾಗಿಲು?

ಚಿಕ್ಕಮಗಳೂರಿನಲ್ಲಿ ಜಿಲ್ಲಾ ನ್ಯಾಯಾಲಯವಿದೆ. ಮೂಡಿಗೆರೆ, ಕೊಪ್ಪ, ನರಸಿಂಹರಾಜಪುರ, ಶೃಂಗೇರಿ, ಕಡೂರು, ತರೀಕೆರೆಗಳಲ್ಲಿ ತಾಲ್ಲೂಕು ಮಟ್ಟದ ನ್ಯಾಯಾಲಯಗಳಿವೆ. 1964ರ ಕರ್ನಾಟಕ ಸಿವಿಲ್ ನ್ಯಾಯಾಲಯಗಳ ಕಾಯ್ದೆಯಂತೆ ಜಿಲ್ಲಾ ನ್ಯಾಯಾಧೀಶರು, ಹಿರಿಯ ಸಿವಿಲ್ ನ್ಯಾಯಾಧೀಶರು, ಸಿವಿಲ್ ನ್ಯಾಯಾಧೀಶರು ಎಂದು ಮೂರು ಹಂತ. ಹಳಬರು ‘ಮುನ್ಸಿಫ್ ಕೋರ್ಟು’ ಎನ್ನುತ್ತಿದ್ದುದು ಕೊನೆಯ ಹಂತವನ್ನು. ಆಸ್ತಿಯ ಬೆಲೆಗೆ ತಕ್ಕಂತೆ ದಾವೆ ಯಾವ ಹಂತದಲ್ಲಿ ನಡೆಯಬೇಕೆಂಬುದು ತೀರ್ಮಾನವಾಗುತ್ತದೆ. ಹಾಗಾಗಿ ಒಂದು ಕಡೆ ಸಿಗಲಿಲ್ಲವೆಂದರೆ ಇನ್ನೊಂದು ನ್ಯಾಯಾಲಯದ ರಿಜಿಸ್ಟರಿನಲ್ಲೂ ನೋಡಿಸಬೇಕು.

ಕಳಸ ಈಗ ಪ್ರತ್ಯೇಕ ತಾಲ್ಲೂಕು. ಆದರೆ ಬಹುಕಾಲ ಅದು ಮೂಡಿಗೆರೆ ತಾಲ್ಲೂಕಿನ ಹೋಬಳಿಯಾಗಿತ್ತು. ಆದ್ದರಿಂದ ಕಳಸದ ಹಳೆಯ ವ್ಯಾಜ್ಯಗಳ ಹುಡುಕಾಟ ಮೂಡಿಗೆರೆಯಿಂದ ಶುರುವಾಗಬೇಕು, ಅಲ್ಲಿ ಇಲ್ಲದಿದ್ದರೆ ಚಿಕ್ಕಮಗಳೂರಿನಲ್ಲಿ ಮುಂದುವರಿಯಬೇಕು. ಈ ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂಬ ಹೆಸರಿತ್ತು. ಹಳೆಯ ಕಾಗದದಲ್ಲಿ ‘ಕಡೂರು ಜಿಲ್ಲೆ’ ಎಂದಿದ್ದರೆ ಅದು ಈಗಿನ ಕಡೂರು ತಾಲ್ಲೂಕಿನ ಕೇಸು ಎಂದು ತಿಳಿದು ಅಲೆಯಬೇಕಿಲ್ಲ.

ಮೇಲ್ಮನವಿ ಹೋಗಿದ್ದರೆ ಕೆಳಗಿನ ಕೋರ್ಟಿನ ಕಡತವೂ ಮೇಲಿನ ಕೋರ್ಟಿಗೆ ಹೋಗಿರಬಹುದು. ಹೈಕೋರ್ಟಿನವರೆಗೆ ಮುಟ್ಟಿದ ವ್ಯಾಜ್ಯವಾದರೆ ಬೆಂಗಳೂರು. ಮೈಸೂರು ಸಂಸ್ಥಾನದಲ್ಲಿ 1884ರಲ್ಲಿ ಆರಂಭವಾದ ಚೀಫ್ ಕೋರ್ಟ್ 1930ರಲ್ಲಿ ಹೈಕೋರ್ಟ್ ಆಯಿತು. ಚಿಕ್ಕಮಗಳೂರು ಇಂದಿಗೂ ಬೆಂಗಳೂರು ಪೀಠದ ವ್ಯಾಪ್ತಿಯಲ್ಲಿದೆ.

ಇಲ್ಲೊಂದು ಎಚ್ಚರಿಕೆ. ನೆಲಕ್ಕೆ ಸಂಬಂಧಿಸಿದ ಎಲ್ಲ ಕಾಗದವೂ ಕೋರ್ಟಿನಲ್ಲಿರುವುದಿಲ್ಲ. ಪಹಣಿ, ಮ್ಯುಟೇಶನ್, ದರಖಾಸ್ತು ಕಡತಗಳು ಕಂದಾಯ ಇಲಾಖೆಯವು. ನೋಂದಾಯಿತ ಕ್ರಯಪತ್ರ, ವಿಭಾಗಪತ್ರಗಳು ಸಬ್ ರಿಜಿಸ್ಟ್ರಾರ್ ಕಚೇರಿಯವು. 1974ರ ಭೂಸುಧಾರಣೆಯ ನಂತರ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ಪಡೆದ ಆದೇಶಗಳು ಭೂನ್ಯಾಯ ಮಂಡಳಿಯವು. ಅವನ್ನು ತಾಲ್ಲೂಕು ಕಚೇರಿಯಲ್ಲಿ ಕೇಳಬೇಕು.

ನಂಬರ್ ಗೊತ್ತಿಲ್ಲದಿದ್ದರೆ

ನಕಲು ಶಾಖೆಯಲ್ಲಿ ಮೊದಲು ಕೇಳುವುದು ಕೇಸ್ ನಂಬರ್. ಓ.ಎಸ್. ಎಂದರೆ ಅಸಲು ದಾವೆ, ಆರ್.ಎ. ಎಂದರೆ ಮೊದಲ ಮೇಲ್ಮನವಿ, ಎಫ್.ಡಿ.ಪಿ. ಎಂದರೆ ಅಂತಿಮ ಡಿಕ್ರಿಯ ನಡಾವಳಿ. ಪಾಲಿನ ದಾವೆಯಲ್ಲಿ ಈ ಎಫ್.ಡಿ.ಪಿ. ಬಹಳ ಮುಖ್ಯ. ಪ್ರಾಥಮಿಕ ಡಿಕ್ರಿಯಲ್ಲಿ ಯಾರಿಗೆ ಎಷ್ಟು ಭಾಗ ಎಂದಷ್ಟೇ ಇರುತ್ತದೆ. ಯಾವ ಸರ್ವೆ ನಂಬರಿನಲ್ಲಿ ಯಾವ ಕಡೆಯ ಗದ್ದೆ, ಯಾವ ಕಡೆಯ ತೋಟ ಯಾರಿಗೆ ಎಂಬುದು ಅಂತಿಮ ಡಿಕ್ರಿಯಲ್ಲಿ ಬರುತ್ತದೆ. ಕಂದಾಯ ಕಟ್ಟುವ ಜಮೀನಿನ ವಿಭಜನೆಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಮಿನಂತೆ ಹಿಂದೆ ಜಿಲ್ಲಾಧಿಕಾರಿ ಅಥವಾ ಅವರ ಕೈಕೆಳಗಿನ ಗೆಜೆಟೆಡ್ ಅಧಿಕಾರಿ ಮಾಡಬೇಕಾಗಿದ್ದುದರಿಂದ, ಹಳೆಯ ನಕ್ಷೆಯ ಪ್ರತಿ ಕಂದಾಯ ಕಡತದಲ್ಲೂ ಸಿಗುವ ಸಾಧ್ಯತೆ ಇದೆ.

ನಂಬರ್ ಗೊತ್ತಿಲ್ಲವೆಂದು ಕೈಚೆಲ್ಲಬೇಕಿಲ್ಲ. ಪ್ರತಿ ನ್ಯಾಯಾಲಯವೂ ದಾಖಲಾದ ದಾವೆಗಳನ್ನು ಇಸವಿವಾರು, ಕ್ರಮಸಂಖ್ಯೆಯಂತೆ ರಿಜಿಸ್ಟರಿನಲ್ಲಿ ಬರೆದಿಡಬೇಕೆಂಬುದು ಸಂಹಿತೆಯ ನಿಯಮ. ಅಂದಾಜು ಇಸವಿ ಮತ್ತು ವಾದಿ, ಪ್ರತಿವಾದಿಗಳ ಹೆಸರಿದ್ದರೆ ಅದರಲ್ಲಿ ಹುಡುಕಿಸಬಹುದು. ಈ ಕಡೆ ಮನೆತನದ ಹೆಸರು, ಊರಿನ ಹೆಸರು, ತೋಟದ ಹೆಸರು ಬೆರೆತಿರುವುದರಿಂದ ಅಜ್ಜನ ಹೆಸರನ್ನು ಎಷ್ಟು ರೀತಿಯಲ್ಲಿ ಬರೆಯುತ್ತಿದ್ದರೋ ಅಷ್ಟನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು. ಪಹಣಿಯ ಹಕ್ಕಿನ ಕಾಲಂ, ಹಳೆಯ ಮ್ಯುಟೇಶನ್ ವಹಿ, ಕ್ರಯಪತ್ರದ ಪೂರ್ವಚರಿತ್ರೆಯ ಸಾಲುಗಳಲ್ಲಿ ಕೆಲವೊಮ್ಮೆ ಡಿಕ್ರಿಯ ನಂಬರೇ ಸಿಕ್ಕಿಬಿಡುತ್ತದೆ.

ಈಚಿನ ಪ್ರಕರಣಗಳಿಗೆ ಇ-ಕೋರ್ಟ್ಸ್ ಜಾಲತಾಣ, ಮೊಬೈಲ್ ಆ್ಯಪ್ ಇವೆ. ಕಕ್ಷಿದಾರರ ಹೆಸರು, ಕೇಸ್ ನಂಬರ್ ಅಥವಾ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಹಾಕಿ ನೋಡಬಹುದು. ಅಲ್ಲಿಂದ ಇಳಿಸಿಕೊಂಡ ಆದೇಶ ಓದಿ ತಿಳಿಯಲು ಸಾಕು. ಸಾಕ್ಷ್ಯವಾಗಿ ಹಾಜರುಪಡಿಸಲು ದೃಢೀಕೃತ ನಕಲೇ ಬೇಕು.

ಅರ್ಜಿ ಮತ್ತು ಹಕ್ಕು

ನಕಲು ಅರ್ಜಿಯಲ್ಲಿ ನ್ಯಾಯಾಲಯದ ಹೆಸರು, ಕೇಸ್ ನಂಬರ್, ಇತ್ಯರ್ಥವಾದ ದಿನಾಂಕ, ಬೇಕಾದ ಕಾಗದಗಳನ್ನು ಸ್ಪಷ್ಟವಾಗಿ ಬರೆಯಬೇಕು. ‘ಎಲ್ಲ ಕಾಗದ ಕೊಡಿ’ ಎಂದು ಬರೆಯುವುದಕ್ಕಿಂತ ವಾದಪತ್ರ, ತೀರ್ಪು, ಡಿಕ್ರಿ, ಆಸ್ತಿಯ ಷೆಡ್ಯೂಲ್, ಕಮಿಷನರ್ ವರದಿ, ನಕ್ಷೆ, ರಾಜಿಯಾಗಿದ್ದರೆ ರಾಜಿ ಅರ್ಜಿ ಎಂದು ಬಿಡಿಸಿ ಬರೆದರೆ ಕೆಲಸ ಬೇಗ ಆಗುತ್ತದೆ. ಕಕ್ಷಿದಾರರಲ್ಲದವರು ತಮಗೇಕೆ ಬೇಕು ಎಂಬುದನ್ನು ಅಫಿಡವಿಟ್‌ನಲ್ಲಿ ಹೇಳಿ ನ್ಯಾಯಾಧೀಶರ ಅನುಮತಿ ಪಡೆಯಬೇಕಾಗುತ್ತದೆ. ಮೊಮ್ಮಕ್ಕಳು ವಂಶವೃಕ್ಷವನ್ನೂ ಮರಣ ಪ್ರಮಾಣಪತ್ರವನ್ನೂ ಜೊತೆಗಿಟ್ಟರೆ ಒಳ್ಳೆಯದು.

ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಕೈಗೆ ಕೊಟ್ಟ ದಿನ ಮುಂತಾದವನ್ನು ನಕಲಿನ ಮೇಲೆಯೇ ನಮೂದಿಸುತ್ತಾರೆ. ಇದನ್ನು ನಿರ್ಲಕ್ಷಿಸಬಾರದು. ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಲು 30 ದಿನ, ಹೈಕೋರ್ಟಿಗೆ 90 ದಿನ ಅವಧಿ. ನಕಲು ಪಡೆಯಲು ಹಿಡಿದ ಸಮಯವನ್ನು 1963ರ ಕಾಲಮಿತಿ ಕಾಯ್ದೆಯ 12ನೇ ಕಲಮು ಆ ಅವಧಿಯಿಂದ ಕಳೆಯುತ್ತದೆ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಆಗದೇ ಎಂದು ಹಲವರು ಕೇಳುತ್ತಾರೆ. ನ್ಯಾಯಾಂಗ ಕಡತಗಳ ನಕಲನ್ನು ನ್ಯಾಯಾಲಯದ ನಿಯಮಗಳಂತೆಯೇ ಪಡೆಯಬೇಕು ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ಹೇಳಿದೆ.

ಹೆಣ್ಣುಮಕ್ಕಳಿಗೆ ಈ ಕಾಗದ ಏಕೆ ಬೇಕು?

ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿಹೋದ ಪಾಲನ್ನು ಅದು ಮುಟ್ಟುವುದಿಲ್ಲ. ಪಾಲು ಎಂದರೆ ನೋಂದಾಯಿತ ಪತ್ರ ಅಥವಾ ಕೋರ್ಟಿನ ಡಿಕ್ರಿಯಿಂದ ಆದದ್ದು ಎಂದು ಕಾಯ್ದೆಯೇ ವಿವರಿಸಿದೆ. ಬಾಯಿಮಾತಿನ ಪಾಲನ್ನು ಸುಲಭವಾಗಿ ಒಪ್ಪಲಾಗದು ಎಂದು 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೀಗಾಗಿ ‘ಕೋರ್ಟಿನಲ್ಲಿ ಪಾಲಾಗಿದೆ’ ಎಂಬ ಅಣ್ಣನ ಮಾತು ನಿಜವೋ ಅಲ್ಲವೋ ಎಂಬುದನ್ನು ತಂಗಿ ಆ ಕಡತದಿಂದಲೇ ತಿಳಿಯಬೇಕು. ಮೈಸೂರು ಸಂಸ್ಥಾನ 1933ರಲ್ಲೇ ಕಾಯ್ದೆ ಮಾಡಿ ಪಾಲಿನ ಹೊತ್ತಿನಲ್ಲಿ ತಾಯಿ, ಅವಿವಾಹಿತ ಮಗಳು ಮೊದಲಾದವರಿಗೆ ಭಾಗ ಕೊಟ್ಟಿತ್ತು. ಈ ಸೀಮೆಯ ಹಳೆಯ ಪಾಲಿನ ಕಡತಗಳನ್ನು ಹೆಣ್ಣುಮಕ್ಕಳು ತೆರೆದು ನೋಡಲು ಅದೂ ಒಂದು ಕಾರಣ.

ಈ ಕಡತ ಹುಡುಕಲು ಕಳಸದ ಕಡೆಯಿಂದ ಕೊಟ್ಟಿಗೆಹಾರದ ಮೇಲೆ ಮೂಡಿಗೆರೆಗೆ ಬಂದು ಹೋದರೆ ತೋಟದ ಕೂಲಿಯವರಿಗೆ ಆ ದಿನದ ಸಂಬಳ ಹೋಯಿತು. ಅಂಥವರು ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಲಿ. 1987ರ ಕಾಯ್ದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ವರಮಾನ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ ಸಂಖ್ಯೆ 15100.

ಕಡತ ಕಾಯುವುದಿಲ್ಲ

ಮಲೆನಾಡಿನ ಮಳೆಗಾಲ ಕಾಗದದ ಶತ್ರು. ತೇವ, ಬೂಷ್ಟು, ಗೆದ್ದಲುಗಳ ಜೊತೆಗೆ ಕಾನೂನೂ ಇದೆ: 1917ರ ದಾಖಲೆ ನಾಶ ಕಾಯ್ದೆಯ ಅಡಿ ಹೈಕೋರ್ಟ್ ಮಾಡಿದ ನಿಯಮಗಳಂತೆ, ಅವಧಿ ಮೀರಿದ ಕಾಗದಗಳನ್ನು ವಿಲೇ ಮಾಡಬಹುದು. 2023ರಲ್ಲಿ ಕೇಂದ್ರ ಸಂಪುಟ 7,210 ಕೋಟಿ ರೂಪಾಯಿಗಳ ಇ-ಕೋರ್ಟ್ಸ್ ಮೂರನೇ ಹಂತಕ್ಕೆ ಒಪ್ಪಿಗೆ ಕೊಟ್ಟಿತು. ಹಳೆಯ ಕಡತಗಳ ಡಿಜಿಟಲೀಕರಣವೂ ಅದರ ಭಾಗ. ಈ ಕೆಲಸ ಮಳೆ ಹೆಚ್ಚು ಬೀಳುವ ತಾಲ್ಲೂಕುಗಳಿಂದ ಮೊದಲಾಗಬೇಕು. ನಕಲು ಶಾಖೆಯಲ್ಲಿ ಸಾಕಷ್ಟು ಸಿಬ್ಬಂದಿ, ದಾಖಲೆ ಕೊಠಡಿಯಲ್ಲಿ ಗಾಳಿ, ಬೆಳಕು ಇರುವಂತೆ ಕೇಳುವುದು ವಕೀಲರ ಸಂಘದ ಕೆಲಸ ಮಾತ್ರವಲ್ಲ, ಊರಿನವರ ಕೆಲಸವೂ ಹೌದು.

ಸಾಕ್ಷ್ಯಕ್ಕೆಂದು ಕೊಟ್ಟ ಮೂಲಪತ್ರಗಳನ್ನು ಮೇಲ್ಮನವಿಯ ಅವಧಿ ಮುಗಿದ ಮೇಲೆ ಅರ್ಜಿ ಹಾಕಿ ಹಿಂಪಡೆಯಬಹುದು. ನಿಮ್ಮ ಮನೆಯ ಮೂಲಪತ್ರವೂ ಅಲ್ಲೇ ಉಳಿದಿದೆಯೇ ಎಂದು ವಿಚಾರಿಸಿ. ಮನೆಯ ಹಿರಿಯರ ಬಳಿ ಕುಳಿತು ಕೋರ್ಟಿನ ಹೆಸರು, ಇಸವಿ, ವಕೀಲರ ಹೆಸರು, ಎದುರು ಕಕ್ಷಿಯ ಹೆಸರು ಬರೆದುಕೊಳ್ಳಿ. ಡಿಕ್ರಿಯ ದೃಢೀಕೃತ ನಕಲನ್ನು ತಕರಾರು ಹುಟ್ಟುವ ಮೊದಲೇ ತೆಗೆಸಿ, ಪಾಲುದಾರರೆಲ್ಲರ ಮನೆಯಲ್ಲೂ ಒಂದೊಂದು ಪ್ರತಿ ಇರುವಂತೆ ನೋಡಿಕೊಳ್ಳಿ.