ತಿರುವಿಲ್ಲದ ಸೀಮೆಯಲ್ಲಿ ತಿರುವಿನ ಕಾರು

ನವಲಗುಂದ ದಾಟಿದ ಸ್ವಲ್ಪ ಹೊತ್ತಿಗೇ ನರಗುಂದದ ಗುಡ್ಡ ಕಣ್ಣಿಗೆ ಬೀಳುತ್ತದೆ. ಸುತ್ತಲಿನ ಎರಿ ಭೂಮಿ ಅಷ್ಟು ಸಪಾಟು. ಗುಡ್ಡದ ಮೇಲೆ ಕೋಟೆಯ ಅವಶೇಷ, ಕೆಳಗೆ ಊರು. 1858ರಲ್ಲಿ ನರಗುಂದದ ಅರಸ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದದ್ದು ಇಲ್ಲಿ. 1980ರ ಜುಲೈನಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಕರದ ವಿರುದ್ಧ ಬೀದಿಗಿಳಿದದ್ದೂ ಇಲ್ಲಿಯೇ. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಊರಾದ್ದರಿಂದ ಟೈರ್ ಅಂಗಡಿ, ಟ್ರ್ಯಾಕ್ಟರ್ ಗ್ಯಾರೇಜುಗಳಿಗೆ ಇಲ್ಲಿ ಬರವಿಲ್ಲ.

ಅಂಥದೊಂದು ಅಲೈನ್‌ಮೆಂಟ್ ಅಂಗಡಿಯಲ್ಲಿ ಕೆಂಪು ಬಣ್ಣದ ಸಣ್ಣ ಕಾರೊಂದು ಲಿಫ್ಟಿನ ಮೇಲೆ ಏರಿತ್ತು. ಕಂಪನಿಯ ಸ್ಪ್ರಿಂಗ್ ತೆಗೆದು ಗಿಡ್ಡ ಸ್ಪ್ರಿಂಗ್ ಕೂರಿಸಿ ಕಾರನ್ನು ನೆಲದ ಸಮೀಪಕ್ಕೆ ಇಳಿಸಿದ್ದರು. 15 ಇಂಚಿನ ಗಾಲಿ ಹೋಗಿ 17 ಇಂಚಿನ ಅಲಾಯ್ ಬಂದಿತ್ತು. ರೋಣ, ನರಗುಂದ, ಗಜೇಂದ್ರಗಡದ ಹುಡುಗರ ಬಾಯಲ್ಲಿ ‘ಸ್ಪೋರ್ಟ್ಸ್ ಕಾರು’ ಎಂದರೆ ಬಹುಮಟ್ಟಿಗೆ ಇದೇ: ಶೋರೂಮಿನಿಂದ ಬಂದದ್ದಲ್ಲ, ಗ್ಯಾರೇಜಿನಲ್ಲಿ ಆದದ್ದು.

“ಹೊರಗ ನೋಡಿದ್ರ ಹೊಸಾದು. ಒಳಗ ಕೈ ಆಡಿಸ್ರಿ” ಎಂದರು ಮೇಸ್ತ್ರಿ. ಮುಂದಿನ ಟೈರಿನ ಒಳಅಂಚು ನುಣ್ಣಗಾಗಿತ್ತು. ಕೈಯನ್ನು ಒಂದು ದಿಕ್ಕಿಗೆ ಸವರಿದರೆ ಜಾರುತ್ತಿತ್ತು, ತಿರುಗಿ ಸವರಿದರೆ ಗರಗಸದ ಹಲ್ಲಿನಂತೆ ತಡೆಯುತ್ತಿತ್ತು.

ಒಂದೇ ಟೈರಿನಲ್ಲಿ ಎರಡು ರೋಗ ಕೂಡಿದ್ದವು. ಕಾರು ಇಳಿದಾಗ ಗಾಲಿಯ ತಲೆ ಒಳಕ್ಕೆ ವಾಲುತ್ತದೆ; ಇದು ನೆಗೆಟಿವ್ ಕ್ಯಾಂಬರ್. ಭಾರವೆಲ್ಲ ಒಳಅಂಚಿನ ಮೇಲೆ ಬೀಳುವುದರಿಂದ ಅಲ್ಲಿಯ ರಬ್ಬರು ನುಣುಪಾಗಿ ಸವೆಯುತ್ತದೆ. ಜತೆಗೆ ಸ್ಟೇರಿಂಗಿನ ಟೈ ರಾಡ್‌ಗಳ ಕೋನ ಬದಲಾಗಿ ಟೋ ಕೆಡುತ್ತದೆ, ಎಂದರೆ ಎರಡು ಗಾಲಿಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗುತ್ತದೆ. ಗರಗಸದ ಹಲ್ಲು ಟೋ ಕೆಟ್ಟದ್ದರ ಗುರುತು. ಕೂರಿಗೆಯ ತಾಳು ಓರೆಯಾದರೆ ಎತ್ತು ನೆಟ್ಟಗೆ ನಡೆದರೂ ಸಾಲು ಕೆಡುವಂತೆ, ಇಲ್ಲಿ ಕಾರು ನೇರ ಹೋಗುತ್ತಿದ್ದರೂ ಟೈರು ಅಡ್ಡಕ್ಕೆ ಉಜ್ಜುತ್ತಲೇ ಇರುತ್ತದೆ.

ಎಷ್ಟು ಉಜ್ಜುತ್ತದೆ? ಲೆಕ್ಕ ಸರಳ. ಈ ಗಾತ್ರದ ಟೈರಿನ ಮುಂದಂಚು–ಹಿಂದಂಚುಗಳ ನಡುವೆ ಒಂದು ಮಿಲಿಮೀಟರಿನಷ್ಟು ವ್ಯತ್ಯಾಸವಾದರೆ ಗಾಲಿ ಸುಮಾರು 0.1 ಡಿಗ್ರಿ ಓರೆಯಾದಂತೆ. ಅಷ್ಟಕ್ಕೇ ಪ್ರತಿ ಕಿಲೋಮೀಟರಿಗೆ ಸುಮಾರು 1.6 ಮೀಟರ್ ಅಡ್ಡ ಎಳೆತ, 10,000 ಕಿ.ಮೀ. ಓಡುವಷ್ಟರಲ್ಲಿ ಸುಮಾರು 16 ಕಿ.ಮೀ. ಮಿತವಾದ ಕ್ಯಾಂಬರ್ ಟೈರನ್ನು ನಿಧಾನಕ್ಕೆ ತಿನ್ನುತ್ತದೆ. ಟೋ ಬೇಗ ತಿನ್ನುತ್ತದೆ. ಎರಡೂ ಸೇರಿದರೆ ಮೊದಲು ಬೋಳಾಗುವುದು ಒಳಅಂಚೇ.

ನರಗುಂದದಿಂದ ರೋಣದ ಕಡೆಗೆ ಹೊರಟರೆ ದಾರಿ ಬಹುತೇಕ ನೇರ. ಎರಡೂ ಬದಿಗೆ ಕಡಲೆ, ಬಿಳಿಜೋಳ, ಹೆಸರು, ಹತ್ತಿಯ ಹೊಲಗಳು. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಅದರ ಮೇಲೆ ಹಾಸಿದ ಡಾಂಬರೂ ಜತೆಗೇ ಏಳುತ್ತದೆ, ಕುಸಿಯುತ್ತದೆ. ಬೆಣ್ಣಿಹಳ್ಳ ಉಕ್ಕಿದ ವರ್ಷ ಹೊಲದ ಜತೆ ರಸ್ತೆಯೂ ನೀರು ಕುಡಿಯುತ್ತದೆ. ಇಂಥ ದಾರಿಯಲ್ಲಿ ಟೈರಿನ ಪಕ್ಕೆಯ ಎತ್ತರವೇ ಗಾಲಿಗೆ ರಕ್ಷೆ. 185/65 ಅಳತೆಯ 15 ಇಂಚಿನ ಟೈರಿಗೆ ಪಕ್ಕೆ 120 ಮಿ.ಮೀ. ಇರುತ್ತದೆ, 205/45 ಅಳತೆಯ 17 ಇಂಚಿನದಕ್ಕೆ 92 ಮಾತ್ರ. ಕಳೆದುಹೋದ 28 ಮಿ.ಮೀ. ರಬ್ಬರಿನ ಬದಲು ಗುಂಡಿಯ ಏಟನ್ನು ರಿಮ್ಮು, ಬಾಲ್ ಜಾಯಿಂಟು, ಟೈ ರಾಡ್ ತಿನ್ನಬೇಕು. ಅವು ಸಡಿಲಾದ ಮೇಲೆ ಯಂತ್ರದಲ್ಲಿ ತಿದ್ದಿದ ಟೋ ನಿಲ್ಲುವುದಿಲ್ಲ.

ರೋಣದಲ್ಲಿ ಕಾರಿನ ಮಾತೆತ್ತಿದರೆ ಒಂದು ದೊಡ್ಡ ಹೆಸರು ಬರಲೇಬೇಕು. ಪಂಡಿತ್ ಭೀಮಸೇನ ಜೋಶಿ 1922ರಲ್ಲಿ ಹುಟ್ಟಿದ ಊರು ಇದು. ಗುರುವನ್ನು ಹುಡುಕಿ ಹುಡುಗನಾಗಿದ್ದಾಗಲೇ ಮನೆ ಬಿಟ್ಟವರು, ಮುಂದೆ ಭಾರತರತ್ನ. ಸಂಗೀತ ಬಿಟ್ಟರೆ ಅವರಿಗೆ ಕಾರೆಂದರೆ ಪ್ರಾಣ. ಕಛೇರಿಗಳಿಗೆ ದೂರದೂರ ತಾವೇ ಓಡಿಸಿಕೊಂಡು ಹೋಗುತ್ತಿದ್ದರು, ಎಂಜಿನ್ನಿನ ಒಳಗುಟ್ಟನ್ನೂ ಬಲ್ಲವರಾಗಿದ್ದರು. ವೇಗದ ಹುಚ್ಚು ಈ ಮಣ್ಣಿಗೆ ಹೊಸದಲ್ಲ. ಆದರೆ ಹುಚ್ಚಿನ ಜತೆ ಯಂತ್ರದ ತಿಳಿವಳಿಕೆಯೂ ಇರಬೇಕೆಂಬುದನ್ನು ರೋಣದ ಹುಡುಗರು ಅವರಿಂದ ಕಲಿಯಬಹುದು.

ರೋಣ ಬಿಟ್ಟು ಗಜೇಂದ್ರಗಡ ಸಮೀಪಿಸಿದಂತೆ ನೆಲದ ಬಣ್ಣ ತಿರುಗುತ್ತದೆ, ಎರಿಯ ನಡುವೆ ಮಸಾರಿ ಕಾಣುತ್ತದೆ. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು. 1787ರಲ್ಲಿ ಟಿಪ್ಪು ಮತ್ತು ಮರಾಠರ ನಡುವಿನ ಒಪ್ಪಂದಕ್ಕೆ ಹೆಸರಾದ ಊರು. ಕೋಟೆಯ ಗುಡ್ಡದ ಆಸುಪಾಸು, ಕಾಲಕಾಲೇಶ್ವರದ ಕಡೆ ಮೊದಲ ಬಾರಿಗೆ ಏರಿಳಿತ, ತಿರುವು ಸಿಗುತ್ತವೆ. ರೇಸಿನವರು ಕ್ಯಾಂಬರ್ ಬೇಡುವುದು ಇಂಥ ತಿರುವಿಗೆ: ಕಾರು ಹೊರಕ್ಕೆ ವಾಲಿದಾಗ ಒಳಕ್ಕೆ ಓರೆಯಾಗಿದ್ದ ಹೊರಬದಿಯ ಗಾಲಿ ನೆಟ್ಟಗಾಗಿ ಪೂರ್ತಿ ಅಗಲಕ್ಕೆ ನೆಲ ಹಿಡಿಯುತ್ತದೆ. ರೇಸ್ ಟ್ರ್ಯಾಕಿನಲ್ಲಿ ಅದು ಲಾಭ. ಆದರೆ ಈ ನಾಲ್ಕು ತಿರುವಿನ ಸುಖಕ್ಕಾಗಿ ನರಗುಂದ–ರೋಣದ ನೇರ ದಾರಿಯುದ್ದಕ್ಕೂ ಒಳಅಂಚಿನ ಮೇಲೆ ಓಡುವುದು ನಷ್ಟದ ವ್ಯಾಪಾರ.

ತಿದ್ದುವುದಕ್ಕೂ ಮಿತಿಯಿದೆ. ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಮುಂದಿನ ಗಾಲಿಯ ಟೋ ಮಾತ್ರ ಸುಲಭವಾಗಿ ತಿದ್ದಲು ಬರುತ್ತದೆ. ಕ್ಯಾಂಬರ್ ಕಂಪನಿಯಲ್ಲೇ ನಿಗದಿ, ಬದಲಿಸಲು ಬೇರೆ ಕ್ಯಾಂಬರ್ ಬೋಲ್ಟ್ ಬೇಕು. ಕಾನೂನು ಇನ್ನೂ ಬಿಗಿ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಕ್ರಮ ಬದಲಾವಣೆ ಒಂದೊಂದಕ್ಕೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕಾರಿನ ಟೈರಿಗೆ ಕನಿಷ್ಠ 1.6 ಮಿ.ಮೀ. ಆಳದ ಗೀರು ಇರಲೇಬೇಕು, ಗೀರಿನ ನಡುವಿನ ಸಣ್ಣ ಉಬ್ಬಿನ ಮಟ್ಟಕ್ಕೆ ರಬ್ಬರು ಬಂತೆಂದರೆ ಟೈರಿನ ಆಯುಷ್ಯ ಮುಗಿದಂತೆ.

ಈ ಮೂರು ತಾಲ್ಲೂಕಿನ ದಾರಿಗೆ ಕಂಪನಿ ಕೊಟ್ಟ ಎತ್ತರ, ಕಂಪನಿ ಕೊಟ್ಟ ಟೈರಿನ ಅಳತೆಯೇ ಸರಿ. ಈಗಾಗಲೇ ಕಾರು ಇಳಿಸಿದವರು ಮೂಲ ಸ್ಪ್ರಿಂಗ್ ಮತ್ತೆ ಹಾಕಿಸಿ. ಆಮೇಲೆ ಗಾಳಿಯ ಒತ್ತಡ, ಜಾಯಿಂಟುಗಳ ಸಡಿಲ ನೋಡಿಸಿ, ಕೊನೆಗೆ ಅಲೈನ್‌ಮೆಂಟ್ ಮಾಡಿಸಿ, ಅಳತೆಯ ಚೀಟಿ ಕೇಳಿ ಪಡೆಯಿರಿ. ದೊಡ್ಡ ಗುಂಡಿಗೆ ಬಿದ್ದ ಮೇಲೆ ಮುಂದಿನ ಅಲೈನ್‌ಮೆಂಟಿಗೆ ಕಿಲೋಮೀಟರ್ ಲೆಕ್ಕ ಕಾಯಬೇಡಿ. ತಿಂಗಳಿಗೊಮ್ಮೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ಟೈರಿನ ಒಳಬದಿ ಸವರಿ ನೋಡಿ. ಹೊರಗಿನ ಅಂದ ನೋಡಿ ಟೈರು ನಂಬಬೇಡಿ.